ತೊಳೆಯಬಾರದ ಬೆಲ್ಟು

ನಾನು ಒಂದು ಕರಾಟೆ ಬೆಲ್ಟು. ಹುಟ್ಟಿದ್ದು ಬಳ್ಳಾರಿಯಲ್ಲಿ, ಜೀನ್ಸ್ ಪ್ಯಾಂಟು ಹೊಲಿಯುವ ಓಣಿಯಲ್ಲಿ, ಸುಂಕಮ್ಮ ಎಂಬ ಹೆಂಗಸಿನ ಮಷೀನಿನ ಕೆಳಗೆ. ಕಪ್ಪಾಗಿ ಹುಟ್ಟಿದೆ. ಆ ಕಪ್ಪು ನನ್ನ ಮೈಮೇಲೆ ಒಂದು ವಾರವೂ ಉಳಿಯಲಿಲ್ಲ.

ನನಗೆ ಮನುಷ್ಯರ ಮೇಲೆ ಗೌರವವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಖ ನೋಡಿ ಮಾತಾಡುವವರಿಗೆ ಬಹುವಚನ ಸುಲಭವಾಗಿ ಬರುತ್ತದೆ. ನಾನು ಜನರನ್ನು ನೋಡಿದ್ದು ಸೊಂಟದ ಮಟ್ಟದಿಂದ. ಫೋಟೋ ತೆಗೆಯುವಾಗ ಹೊಟ್ಟೆ ಒಳಗೆ ಹೋಗುವುದು, ಫೋಟೋ ಮುಗಿದ ಮೇಲೆ ಅದು ಹೊರಗೆ ಬಂದು ನನ್ನ ಮೇಲೆ ಕೂರುವುದು, ದೊಡ್ಡ ಮಾತು ಆಡುವಾಗ ಕರುಳು ಗುಡುಗುಡು ಅನ್ನುವುದು ಎಲ್ಲ ನನಗೆ ಗೊತ್ತು. ಅಲ್ಲಿಂದ ನೋಡಿದರೆ ಎಲ್ಲರೂ ಏಕವಚನವೇ.

ನನ್ನನ್ನು ಹೊಲಿಸಿದವನು ಪಂಪಾಪತಿ. ಊರಿಗೆ ಪಂಪಾಪತಿ ಮಾಸ್ಟರ್. ಒಂದು ಹೈಸ್ಕೂಲಿನ ಮೇಲಿನ ಹಾಲ್‌ನಲ್ಲಿ ಸಂಜೆ ಹೊತ್ತು ಕರಾಟೆ ಕಲಿಸುತ್ತಿದ್ದ. ಸುಂಕಮ್ಮನ ಹತ್ತಿರ ಬಂದ ದಿನ ಅವನು ಪೇಪರಿನಲ್ಲಿ ಸುತ್ತಿದ್ದ ಒಂದು ತುಂಡನ್ನು ಮಷೀನಿನ ಮೇಲಿಟ್ಟ.

"ಇಂಥದೇ ಬೇಕು. ಇಷ್ಟೇ ಅಗಲ, ಹೊಲಿಗೆ ಸಾಲೂ ಇಷ್ಟೇ."

ಸುಂಕಮ್ಮ ಪ್ಯಾಂಟಿನ ಸೊಂಟಪಟ್ಟಿ ಹೊಲಿಯುವುದನ್ನು ನಿಲ್ಲಿಸಿ ತುಂಡನ್ನು ತಿರುಗಿಸಿ ನೋಡಿದಳು.

"ಇದನ್ನ ಇಲಿ ಕಡದೈತಲ್ರಿ ಮಾಸ್ಟ್ರೇ."

"ಇಲಿ ಅಲ್ಲ. ಸವೆದಿದ್ದು."

"ಸವೆದಿದ್ದಕ್ಕೆ ಹಲ್ಲಿನ ಗುರ್ತು ಇರ್ತೈತೇನ್ರಿ?"

"ನೀನು ಹೊಲಿ. ಮಾತು ಬ್ಯಾಡ."

ಅವಳು ಹೊಲಿದಳು. ಒಳಗೆ ಬಿಳಿ ಕ್ಯಾನ್ವಾಸು, ಮೇಲೆ ಕರಿ ಬಟ್ಟೆ, ಉದ್ದಕ್ಕೂ ಸಾಲು ಸಾಲು ಹೊಲಿಗೆ. ಪಕ್ಕದಲ್ಲೇ ಬಿದ್ದಿದ್ದ ಆ ತುಂಡನ್ನು ನಾನು ಹುಟ್ಟುತ್ತಲೇ ನೋಡಿದೆ. ಉಪ್ಪು, ತಲೆಗೆಣ್ಣೆ, ಹಳೇ ಬೆವರು ಎಲ್ಲ ಸೇರಿ ನಾರುತ್ತಿತ್ತು. ಅದು ನನಗಿಂತ ಮುಂಚಿನದು. ನಾನು ಬಂದದ್ದು ಅದರ ಜಾಗಕ್ಕೆ.

ಕರಾಟೆಯವರಲ್ಲಿ ಒಂದು ನಂಬಿಕೆ ಇದೆ. ಬೆಲ್ಟನ್ನು ಒಗೆಯಬಾರದು. ಒಗೆದರೆ ಕಲಿತ ವಿದ್ಯೆ ಬಚ್ಚಲಿಗೆ ಹರಿದುಹೋಗುತ್ತದಂತೆ. ಡ್ರೆಸ್ಸನ್ನು ದಿನಾ ಒಗೆಸುತ್ತಾರೆ, ಬೆಲ್ಟನ್ನು ಮಾತ್ರ ಬೆವರಿನ ಸಮೇತ ಮಡಿಸಿಡುತ್ತಾರೆ. ವರ್ಷ ಕಳೆದಂತೆ ಮೇಲಿನ ಕರಿ ಬಟ್ಟೆ ಸವೆದು ಒಳಗಿನ ಬಿಳಿ ಕಾಣುತ್ತದೆ. ಎಷ್ಟು ಬಿಳಿಯೋ ಅಷ್ಟು ದೊಡ್ಡವನು. ಹೀಗಾಗಿ ಕಪ್ಪು ಬೆಲ್ಟು ಪಡೆಯಲು ಒದ್ದಾಡಿದವರೇ, ಪಡೆದ ಮೇಲೆ ಅದು ಬಿಳಿಯಾಗಲಿ ಎಂದು ಕಾಯುತ್ತಾರೆ.

ಪಂಪಾಪತಿಯೂ ತನ್ನ ಬೆಲ್ಟನ್ನು ಒಗೆಯಲಿಲ್ಲ. ಬಟ್ಟೆಯ ಟ್ರಂಕಿನಲ್ಲಿ ಮಡಿಸಿಡುತ್ತಿದ್ದ. ಬೆವರಿನ ಉಪ್ಪು ಕೊಬ್ಬರಿ ಎಣ್ಣೆಯ ಜೊತೆ ಸೇರಿದರೆ ಇಲಿಗೆ ಅದು ಬೆಲ್ಟಲ್ಲ, ಪಲ್ಯ. ಇಪ್ಪತ್ತೈದು ವರ್ಷದ ತಪಸ್ಸನ್ನು ಇಲಿ ತಿಂದು ಹೋಯಿತು. ಪಂಪಾಪತಿ ಚೂರುಗಳನ್ನು ತಾನೇ ಗುಡಿಸಿ ಹೊರಗೆ ಹಾಕಿದನಂತೆ. ಮದುವೆಯಾದ ಮೇಲೆ ಅವನು ಪೊರಕೆ ಹಿಡಿದದ್ದು ಅದೊಂದೇ ಸಲ ಎಂದು ಆಮೇಲೆ ಅವನ ಹೆಂಡತಿ ತನ್ನಷ್ಟಕ್ಕೆ ಅಂದುಕೊಂಡದ್ದನ್ನು ಕೇಳಿದ್ದೇನೆ.

ಅವನ ಇಪ್ಪತ್ತೈದು ವರ್ಷ ಸುಳ್ಳಲ್ಲ. ಒದ್ದಿದ್ದ, ಬಿದ್ದಿದ್ದ, ಕಲಿಸಿದ್ದ. ಹೊಸ ಬೆಲ್ಟು ಕಟ್ಟಿಕೊಂಡು ಹೋಗಿ, "ಹಳೇದನ್ನ ಇಲಿ ಕಡೀತು" ಅಂದಿದ್ದರೆ ಹುಡುಗರು ಒಂದು ಸಂಜೆ ನಗುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ತಲೆಯಿಂದ ಹೆಂಚು ಒಡೆಯುವವನಿಗೆ ಆ ಒಂದು ಮಾತು ಆಡುವ ಧೈರ್ಯ ಇರಲಿಲ್ಲ.

ಅವನು ನನ್ನನ್ನು ಕಟ್ಟಿಕೊಳ್ಳಲೇ ಇಲ್ಲ. ಸುಂಕಮ್ಮನ ಮನೆಯಿಂದ ನೆಟ್ಟಗೆ ಜೀನ್ಸ್ ವಾಷಿಂಗ್ ಮಾಡುವ ಕಡೆ ಒಯ್ದ.

ಬೇರೆ ಊರಿನಲ್ಲಾಗಿದ್ದರೆ ಹೊಸ ಬಟ್ಟೆಯನ್ನು ಹಳೇದು ಮಾಡಿಕೊಡಿ ಎಂದವನನ್ನು ಜನ ಮೇಲಿಂದ ಕೆಳಗೆ ನೋಡುತ್ತಿದ್ದರು. ನಮ್ಮೂರಿನಲ್ಲಿ ಅದೇ ಕಸುಬು. ದೊಡ್ಡ ಡ್ರಮ್ಮಿನೊಳಗೆ ತೂತುತೂತಿನ ಹಗುರ ಕಲ್ಲು ಹಾಕಿ, ಹೊಸ ಪ್ಯಾಂಟುಗಳನ್ನು ಅದರ ಜೊತೆ ತಿರುಗಿಸುತ್ತಾರೆ. ಹೊರಗೆ ಬರುವಾಗ ಪ್ಯಾಂಟು ಎಲ್ಲೋ ಯಾರೋ ದುಡಿದು ಸವೆಸಿದಂತೆ ಕಾಣುತ್ತದೆ. ದುಡಿಯದವರು ಅದನ್ನು ಕೊಳ್ಳುತ್ತಾರೆ.

ಡ್ರಮ್ಮಿನವನು ನನ್ನನ್ನು ಎತ್ತಿ ನೋಡಿ ಒಂದೇ ಪ್ರಶ್ನೆ ಕೇಳಿದ.

"ಎಷ್ಟು ವರ್ಷ ಹಳೇದಾಗ್ಬೇಕ್ರಿ?"

"ಇಪ್ಪತ್ತೈದು," ಅಂದ ಪಂಪಾಪತಿ.

"ಹಂಗಾದ್ರೆ ಊಟ ಮುಗಿಸ್ಕೊಂಡು ಬರ್ರಿ. ಗಂಗಾವತಿಯವರದೂ ಇಂಥದೇ ಒಂದು ಐತೆ. ಎರಡೂ ಕೂಡೇ ಹಾಕ್ತೀನಿ."

ಗಂಗಾವತಿಯವರು ಯಾರು ಎಂದು ಪಂಪಾಪತಿ ಕೇಳಲಿಲ್ಲ. ಅವನ ಹೆಸರನ್ನೂ ಯಾರೂ ಕೇಳಬಾರದಿತ್ತಲ್ಲ.

ಆ ಮಧ್ಯಾಹ್ನದ ಬಗ್ಗೆ ಹೆಚ್ಚು ಹೇಳಲಾರೆ. ಕತ್ತಲು, ಬಿಸಿನೀರು, ಕಲ್ಲು. ಜೊತೆಗಿದ್ದ ಆ ಇನ್ನೊಂದು ಬೆಲ್ಟು ನನಗೆ ಸುತ್ತಿಕೊಂಡು ಬಿಚ್ಚಿಕೊಂಡು ತಿರುಗಿತು. ಇಬ್ಬರೂ ಒಂದೇ ನೀರಿನಲ್ಲಿ ಕಪ್ಪು ಬಿಟ್ಟೆವು. ಹೊರಗೆ ತೆಗೆದಾಗ ನಾನು ಬೂದಿಬಿಳಿಯಾಗಿದ್ದೆ, ಅಂಚಿನಲ್ಲಿ ನೂಲು ಎದ್ದಿತ್ತು, ಬೆನ್ನಿನ ಬಿಗಿ ಹೋಗಿತ್ತು. ಗಂಟು ಹಾಕಿದರೆ ನಿಲ್ಲದಷ್ಟು ಮೆತ್ತಗಾಗಿದ್ದೆ. ಪಂಪಾಪತಿಯ ಕಣ್ಣು ಒದ್ದೆಯಾಯಿತು. ಸತ್ತವನೊಬ್ಬ ತಿರುಗಿ ಬಂದನೇನೋ ಅನ್ನುವಂತೆ ನನ್ನನ್ನು ಎದೆಗೆ ಒತ್ತಿಕೊಂಡ. ಸೋಪಿನ ವಾಸನೆ ಹೋಗಲೆಂದು ಮನೆಗೆ ಬಂದು ನನಗೆ ಎಣ್ಣೆ ಸವರಿ ಕಂಕುಳಲ್ಲಿ ಇಟ್ಟುಕೊಂಡು ಕೂತ.

ಆ ಸಂಜೆ ಕ್ಲಾಸಿನಲ್ಲಿ ಹುಡುಗರು ಸಾಲಾಗಿ ನಿಂತು ಬಗ್ಗಿದರು. ಅವನು ನನ್ನ ತುದಿಯನ್ನು ಬೆರಳಿನಲ್ಲಿ ಎತ್ತಿ ತೋರಿಸಿದ.

"ಇದು ಬಟ್ಟೆ ಅಲ್ರೋ. ಇಪ್ಪತ್ತೈದು ವರ್ಷದ ಬೆವರು. ಇದನ್ನ ಒಗೀಬಾರದು ಯಾಕೆ? ಹೇಳ್ರಿ."

"ವಿದ್ಯೆ ಹೋಗ್ತೈತ್ರಿ ಮಾಸ್ಟ್ರೇ!" ಅಂದರು ಎಲ್ಲರೂ ಒಟ್ಟಿಗೆ.

ಮೊದಲ ಸಾಲಿನ ಮುಂದೆ ನಿಂತಿದ್ದ ಗಾದಿಲಿಂಗ ಮಾತ್ರ ಬಾಯಿ ಬಿಡದೆ ನನ್ನನ್ನೇ ನೋಡುತ್ತಿದ್ದ. ಅವನು ಪಂಪಾಪತಿಯ ಹಿರಿಯ ಶಿಷ್ಯ, ಕಪ್ಪು ಬೆಲ್ಟಿನವನು, ಕ್ಲಾಸಿನ ಅಸಿಸ್ಟೆಂಟು. ಎತ್ತರಕ್ಕೆ ಒದೆಯುತ್ತಿದ್ದ, ಒದೆಯುವುದನ್ನು ಮೊಬೈಲಿನಲ್ಲಿ ಹಿಡಿಸಿಕೊಂಡು ಊರಿಗೆಲ್ಲ ಕಳಿಸುತ್ತಿದ್ದ. ಇಲಿ ಹಳೆಯ ಬೆಲ್ಟನ್ನು ನೋಡಿದ ರೀತಿಯಲ್ಲೇ ಅವನು ನನ್ನನ್ನು ನೋಡುತ್ತಿದ್ದ.

ಮನೆಯಲ್ಲಿ ಪಂಪಾಪತಿಯ ಹೆಂಡತಿ ಉಮಾದೇವಿ. ಸುಂಕಮ್ಮನ ಓಣಿಯಲ್ಲೇ ಹುಟ್ಟಿ ಬೆಳೆದವಳು. ಹುಡುಗಿಯಾಗಿದ್ದಾಗ ಜೀನ್ಸಿನ ನೂಲು ಕತ್ತರಿಸುವ ಕೆಲಸ ಮುಗಿಸಿ ಇವನ ಕ್ಲಾಸಿಗೆ ಬರುತ್ತಿದ್ದಳಂತೆ. ಬ್ರೌನ್ ಬೆಲ್ಟಿನವರೆಗೆ ಬಂದಳು. ಅದರ ಮುಂದಿನದೇ ಕಪ್ಪು. ಅಷ್ಟರಲ್ಲಿ ಮದುವೆಯಾಯಿತು, ಬ್ರೌನ್ ಬ್ರೌನ್ ಆಗಿಯೇ ಉಳಿಯಿತು. ಹಗಲಲ್ಲಿ ಅದು ಹಾಸಿಗೆ ಸುರುಳಿಗೆ ಕಟ್ಟಿಕೊಂಡು ಮೂಲೆಯಲ್ಲಿ ನಿಂತಿರುತ್ತಿತ್ತು. ಬೆಳಿಗ್ಗೆ ಗಂಡ ಏಳುವ ಮುಂಚೆ ಉಮಾದೇವಿ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಮಾಳಿಗೆಗೆ ಹೋಗುತ್ತಿದ್ದಳು, ಬೆವರಿಕೊಂಡು ಇಳಿದು ಬರುತ್ತಿದ್ದಳು.

ವರ್ಷಕ್ಕೊಮ್ಮೆ, ಮುಂದಿನ ಬೆಲ್ಟು ಕೊಡುವ ಗ್ರೇಡಿಂಗ್ ಪರೀಕ್ಷೆ ಹತ್ತಿರ ಬಂದಾಗ, ಕೇಳುತ್ತಿದ್ದಳು.

"ಈ ಸಲನಾದ್ರೂ ನನ್ನ ಹೆಸರು ಕಳಿಸ್ತೀರೇನ್ರಿ?"

"ಮುಂದಿನ ವರ್ಷ ನೋಡೋಣ," ಅನ್ನುತ್ತಿದ್ದ. ಒಂದು ಸಲ ನಗುತ್ತಾ ಹೇಳಿದ: "ನೀನೂ ಕಪ್ಪು ಕಟ್ಟಿದ್ರೆ ಮನ್ಯಾಗ ಯಾರು ಯಾರಿಗೆ ಬಗ್ಗಬೇಕು ಉಮಾ?"

ಅವನು ನಗುವಾಗ ಹೊಟ್ಟೆ ಕುಣಿಯುತ್ತಿತ್ತು, ಅದರ ಜೊತೆ ನಾನೂ. ಅವಳು ನಗಲಿಲ್ಲ, ಜಗಳವನ್ನೂ ಆಡಲಿಲ್ಲ. ಒಲೆಯ ಕಡೆ ತಿರುಗಿದಳು. ಅವಳ ಮೇಲೂ ನನಗೆ ಆಗ ಗೌರವವಿರಲಿಲ್ಲ. ಹೇಳಿಸಿಕೊಂಡು ಸುಮ್ಮನಿರುವವರನ್ನು ನಾನು ಯಾಕೆ ಗೌರವಿಸಲಿ?

ಪಂಪಾಪತಿ ಸತ್ತದ್ದು ಹೋರಾಡುತ್ತ ಅಲ್ಲ. ಸಿರುಗುಪ್ಪ ರಸ್ತೆಯಲ್ಲಿ, ಬಣ್ಣ ಹೊಡೆಯದ ಒಂದು ಸ್ಪೀಡ್ ಬ್ರೇಕರಿಗೆ ಸ್ಕೂಟರ್ ಹಾರಿ ಬಿದ್ದ. ಹೆಲ್ಮೆಟ್ ಇರಲಿಲ್ಲ. "ಹೆಂಚು ಒಡೆಯೋ ತಲೆಗೆ ಅದ್ಯಾಕೆ" ಅನ್ನುತ್ತಿದ್ದ. ನಾನು ಸ್ಕೂಟರಿನ ಡಿಕ್ಕಿಯಲ್ಲಿ ಡ್ರೆಸ್ಸಿನ ಕೆಳಗೆ ಮಡಿಸಿಕೊಂಡು ಕೂತಿದ್ದೆ. ನನಗೆ ಏನೂ ಆಗಲಿಲ್ಲ.

ಮನೆಗೆ ಜನ ಬಂದರು. ಗಂಡಸರು ಹೊರಗೆ ಕುರ್ಚಿ ಹಾಕಿಕೊಂಡು ಸ್ಪೀಡ್ ಬ್ರೇಕರಿಗೆ ಬಣ್ಣ ಹೊಡೆಯಬೇಕಾದದ್ದು ಯಾರು ಎಂದು ವಾದ ಮಾಡಿದರು. ಹೆಂಗಸರು ಉಮಾದೇವಿಯ ಸುತ್ತ ಕೂತು ಅವಳ ಮುಖವನ್ನು ಕಾಯುತ್ತಿದ್ದರು.

"ಅತ್ತುಬಿಡು ತಾಯಿ. ಅತ್ರೆ ಹಗುರಾಗ್ತೈತೆ."

"ಇಷ್ಟು ಸಣ್ಣ ವಯಸ್ಸು. ಹಿಂಗ್ ಗಟ್ಟಿ ಕೂತ್ರೆ ಹೆಂಗವ್ವ?"

ಅವಳು ಅಳಲಿಲ್ಲ. ಅವರು ತಂದ ಚಹಾ ಕುಡಿದಳು. ಅತ್ತಿದ್ದರೆ ಅವರು ಬೇಗ ಎದ್ದು ಹೋಗುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಅದೊಂದು, ಅದು ಸಿಗದೆ ಮೂರು ಹೊತ್ತೂ ಬಂದರು.

ಕರ್ಮ ಎಲ್ಲ ಮುಗಿದ ಮೇಲೆ ಅವಳು ಅವನ ಬಟ್ಟೆಗಳನ್ನು ಒಗೆಯಲು ಕೂತಳು. ದಾನ ಕೊಡುವುದನ್ನು ಒಗೆದು ಕೊಡಬೇಕು ಎಂದು ಯಾರೋ ಹೇಳಿದ್ದರು. ಅಂಗಿ, ಪಂಚೆ, ಕರಾಟೆ ಡ್ರೆಸ್ಸು, ಕೊನೆಗೆ ನಾನು. ನನ್ನನ್ನು ಕೈಯಲ್ಲಿ ಎತ್ತಿ ಹಿಡಿದಳು. ಒಗೆಯಬಾರದು ಎಂಬುದು ಅವಳಿಗೆ ಗೊತ್ತಿತ್ತು. ಅವಳೂ ಒಂದು ಕಾಲಕ್ಕೆ ಆ ಸಾಲಿನಲ್ಲಿ ನಿಂತು ಕೂಗಿದವಳೇ. ಆಮೇಲೆ ಬಕೆಟ್ಟಿನಲ್ಲಿ ಮುಳುಗಿಸಿದಳು.

ಎಣ್ಣೆ ಬಿಟ್ಟಿತು. ಬೆವರು ಬಿಟ್ಟಿತು. ಹಿಂಡಿ ತೆಗೆದ ಮೇಲೆ ಬಕೆಟ್ಟಿನ ತಳದಲ್ಲಿ ಬೂದಿಬಣ್ಣದ ಮರಳು ಕೂತಿತ್ತು. ನನ್ನ ಹೊಲಿಗೆ ಸಾಲುಗಳ ಸಂದಿಯಲ್ಲಿ ಅಷ್ಟು ದಿನ ಅಡಗಿದ್ದ ಕಲ್ಲುಪುಡಿ.

ಉಮಾದೇವಿ ಅದನ್ನು ಬೆರಳಿನಲ್ಲಿ ತೆಗೆದು ತಿಕ್ಕಿ ನೋಡಿದಳು. ಜೀನ್ಸ್ ಓಣಿಯಲ್ಲಿ ಬೆಳೆದವರಿಗೆ ಆ ಪುಡಿಯನ್ನು ಯಾರೂ ಪರಿಚಯ ಮಾಡಿಸಬೇಕಿಲ್ಲ. ವಾಷಿಂಗ್‌ನಿಂದ ಬಂದ ಪ್ಯಾಂಟುಗಳ ಜೇಬನ್ನು ಹೊರಳಿಸಿ ಅದನ್ನು ಕೊಡವುವುದೇ ಅವಳ ಚಿಕ್ಕಂದಿನ ಕೆಲಸ. ನನ್ನನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ನೋಡಿದಳು. ಬೆಲ್ಟನ್ನು ಸೊಂಟಕ್ಕೆ ಎರಡು ಸುತ್ತು ಸುತ್ತುತ್ತಾರೆ. ಗಂಟು ಬೀಳುವ ಕಡೆ, ತುದಿಯಲ್ಲಿ, ಹೊರಸುತ್ತಿನ ಅಂಚಿನಲ್ಲಿ ಸವೆಯುತ್ತದೆ. ಒಳಸುತ್ತು ಮುಚ್ಚಿಕೊಂಡಿರುತ್ತದೆ, ಎಷ್ಟು ವರ್ಷವಾದರೂ ಕಪ್ಪಾಗಿಯೇ ಇರುತ್ತದೆ. ನಾನು ತುದಿಯಿಂದ ತುದಿಗೆ ಒಂದೇ ಸಮ ಬೆಳ್ಳಗಿದ್ದೆ. ಡ್ರಮ್ಮಿಗೆ ಒಳಸುತ್ತು ಹೊರಸುತ್ತು ಗೊತ್ತಿರುವುದಿಲ್ಲ.

"ಅವತ್ತು ಇದಕ್ಕೇನಾ ಪೊರಕೆ ಹಿಡಿದದ್ದು," ಅಂದಳು.

ಅವತ್ತು ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ಮೂಗಿನಿಂದ ಸಣ್ಣಗೆ ಗಾಳಿ ಬಿಟ್ಟಳು. ನಗೆಯೋ ಏನೋ ನನಗೆ ತಿಳಿಯಲಿಲ್ಲ. ಆಮೇಲೆ ಬಕೆಟ್ಟಿನ ನೀರನ್ನು ಬಚ್ಚಲಿಗೆ ಚೆಲ್ಲಿದಳು. ಇಪ್ಪತ್ತೈದು ವರ್ಷ ಅಂತ ಹೇಳಿಸಿಕೊಂಡದ್ದು ತೂಬಿನಲ್ಲಿ ಹೋಯಿತು. ಅವಳು ತೂಬಿಗೆ ಇನ್ನೊಂದು ಚೊಂಬು ನೀರು ಹಾಕಿದಳು, ಪುಡಿ ಕಟ್ಟಿಕೊಳ್ಳಬಾರದೆಂದು.

ಗಾದಿಲಿಂಗ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದವನು ಗೋಡೆಯ ಮೇಲಿನ ಫೋಟೋಕ್ಕೆ ಕೈ ಮುಗಿದು, ಗೂಟದ ಮೇಲೆ ಒಣಗುತ್ತಿದ್ದ ನನ್ನ ಕಡೆ ತಿರುಗಿ ಇನ್ನೂ ಬಗ್ಗಿ ಮುಗಿದ.

"ಕ್ಲಾಸು ನಿಲ್ಲಬಾರದು ಅಕ್ಕಾ. ಮಾಸ್ಟರ್ ಆತ್ಮಕ್ಕೆ ಶಾಂತಿ ಸಿಗಾಕಿಲ್ಲ."

"ನಿಲ್ಲಾಕಿಲ್ಲ. ನಾನು ನಡೆಸ್ತೀನಿ."

ಅವನು ನೆಲ ನೋಡಿದ. "ಕರಾಟೆ ಸಂಘದ ರೂಲ್ಸು ಐತಲ್ಲಕ್ಕಾ. ಕಪ್ಪು ಬೆಲ್ಟಿನವರ ಹೆಸರಿನಾಗೇ ಕ್ಲಾಸು ಇರ್ಬೇಕು. ಹೆಡ್‌ಮಾಸ್ಟ್ರೂ ಅದನ್ನೇ ಅಂದ್ರು. ಗ್ರೇಡಿಂಗ್ ಮುಗಿಯೋಮಟ ನಾನು ನೋಡ್ಕೊಳ್ತೀನಿ, ಆಮ್ಯಾಲೆ ಹಾಲ್ ನನ್ನ ಹೆಸರಿಗೇ..."

"ಗ್ರೇಡಿಂಗಿಗೆ ನನ್ನ ಹೆಸರು ಕಳಿಸು. ಪಾಸಾದ್ರೆ ಕ್ಲಾಸು ನಂದು. ಆಗ್ಲಿಲ್ಲಂದ್ರೆ ನೀನೇ ಇಟ್ಕೋ."

"ಮಾಸ್ಟರ್‌ಗೆ ಅದು ಇಷ್ಟ ಇರ್ಲಿಲ್ಲ ಅಕ್ಕಾ."

"ಅವರು ಈಗ ಬೇಡ ಅನ್ನಾಕ ಬರಾಕಿಲ್ಲ."

ಗಾದಿಲಿಂಗ ಮತ್ತೆ ಗೂಟದ ಕಡೆ ನೋಡಿದ. ಆಮೇಲೆ, ಯಾವಾಗಿಂದಲೋ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದ. "ಮಾಸ್ಟರ್ ಬೆಲ್ಟು ಹಿರೇ ಶಿಷ್ಯನಿಗೆ ಬರ್ಬೇಕು. ಅದು ಪದ್ಧತಿ."

ಅವಳು ಗೂಟದಿಂದ ನನ್ನನ್ನು ತೆಗೆದಳು. ನಾನು ಇನ್ನೂ ಸ್ವಲ್ಪ ಹಸಿಯಾಗಿದ್ದೆ.

"ಹೆಸರು ಕಳಿಸ್ತೀಯಾ?"

"ಕಳಿಸ್ತೀನಿ ಅಕ್ಕಾ."

"ತಗೋ ಹಂಗಾದ್ರೆ. ಆದ್ರೆ ಗಾದಿಲಿಂಗ, ಇದನ್ನ ಒಗೀಬ್ಯಾಡ ನೋಡು."

"ಅಯ್ಯೋ, ಎಂಥ ಮಾತು!" ಅಂದು ಅವನು ನನ್ನನ್ನು ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ತಿಕೊಂಡ. "ಇನ್ನೂ ಬೆವರಿನ ಹಸಿ ಐತೆ," ಅಂದ. ಉಮಾದೇವಿ ಒಳಗೆ ಹೋಗಿಬಿಟ್ಟಳು.

ಗಾದಿಲಿಂಗನ ಮನೆಯಲ್ಲಿ ನನಗೆ ದೇವರ ಮಾಡದಲ್ಲಿ ಜಾಗ. ಊದುಬತ್ತಿ, ಕುಂಕುಮ, ಅಡಿಕೆಬಟ್ಟಲಿನಲ್ಲಿ ಕರ್ಪೂರ. ಅವನು ನನ್ನ ಫೋಟೋ ತೆಗೆದು, ಕಣ್ಣು ಮುಚ್ಚಿ ಕೂತ ತನ್ನ ಫೋಟೋದ ಪಕ್ಕ ಹಚ್ಚಿ, 'ಗುರುವಿನ ಬೆವರು ನನ್ನ ರಕ್ತ' ಎಂದು ಬರೆದು ಎಲ್ಲರಿಗೂ ಕಳಿಸಿದ. ಬಹಳ ಜನ ಕೈ ಮುಗಿದ ಚಿತ್ರ ಕಳಿಸಿದರಂತೆ. ಕರ್ಪೂರದ ಕಿಡಿ ಸಿಡಿದು ನನ್ನ ಅಂಚಿನಲ್ಲಿ ಒಂದು ತೂತಾಯಿತು. ನನ್ನ ಮೈಮೇಲೆ ಅಲ್ಲಿಯವರೆಗೆ ಆದ ಒಂದೇ ನಿಜವಾದ ಗಾಯ ಅದು, ಅದೂ ಪೂಜೆಯಿಂದ.

ಗ್ರೇಡಿಂಗ್ ದಿನ ಬಂತು. ಬೆಳಿಗ್ಗೆ ಹಾಲ್‌ನಲ್ಲಿ ಮ್ಯಾಟು ಹಾಸಿದ್ದರು, ತಂದೆತಾಯಿಗಳು ಗೋಡೆಗೆ ಒರಗಿ ಕೂತಿದ್ದರು. ಪರೀಕ್ಷಕ ಶೇಷಗಿರಿ ಮಾಸ್ಟರ್ ಗಂಗಾವತಿಯಿಂದ ಬಂದಿದ್ದ. ನರೆತ ಮೀಸೆ, ತಗ್ಗಿದ ದನಿ, ಎರಡು ಮಾತಿಗೊಮ್ಮೆ ಕಣ್ಣು ಮುಚ್ಚುವ ಅಭ್ಯಾಸ. ಅವನ ಸೊಂಟದ ಮೇಲಿನ ಬೆಲ್ಟು ಹಾಲಿನಷ್ಟು ಬೆಳ್ಳಗಿತ್ತು. ಜನ ಅದನ್ನು ನೋಡಿ ಮಾತು ಸಣ್ಣ ಮಾಡಿದರು.

ನಾನು ನೋಡಿದೆ. ಅದೂ ನನ್ನನ್ನು ನೋಡಿತು. ಡ್ರಮ್ಮಿನಲ್ಲಿ ಒಂದು ಮಧ್ಯಾಹ್ನ ಸುತ್ತಿಕೊಂಡು ತಿರುಗಿದವರು ಒಬ್ಬರನ್ನೊಬ್ಬರು ಮರೆಯುವುದಿಲ್ಲ.

ಗಾದಿಲಿಂಗ ನನ್ನನ್ನು ಕಟ್ಟಿಕೊಂಡು ಮುಂದೆ ನಿಂತಿದ್ದ. ಉಮಾದೇವಿಯ ಹೆಸರನ್ನು ಕಳಿಸಿದ್ದ, ಮಾತು ತಪ್ಪಿರಲಿಲ್ಲ. ಆದರೆ ಬೆಳಿಗ್ಗೆ ಶೇಷಗಿರಿಯನ್ನು ಬಸ್‌ಸ್ಟ್ಯಾಂಡಿನಿಂದ ಕರೆತರುವಾಗ ಅವನ ಕಿವಿಗೆ ಬೇರೆ ಮಾತು ಹಾಕಿದ್ದ. ನಾನು ಕೇಳಿಸಿಕೊಂಡಿದ್ದೆ. ಬೈಕಿನ ಹಿಂದೆ ಕೂತ ಶೇಷಗಿರಿ, "ಆಗ್ಲಿ, ನಾನು ಹೇಳ್ತೀನಿ ಬಿಡು" ಅಂದಿದ್ದ.

ಉಮಾದೇವಿ ಬ್ರೌನ್ ಬೆಲ್ಟು ಕಟ್ಟಿಕೊಂಡು ಬಂದು ಬಗ್ಗಿದಳು. ಗೋಡೆಗೆ ಒರಗಿದ್ದ ಹೆಂಗಸರಲ್ಲಿ ಪಿಸಪಿಸ ಎದ್ದಿತು. ಗಂಡ ಸತ್ತು ಇನ್ನೂ ವರ್ಷ ತುಂಬಿಲ್ಲ, ಕಾಲೆತ್ತಿ ಒದೆಯಲು ಬಂದಿದ್ದಾಳೆ ಎಂಬ ಪಿಸಪಿಸ. ಅದಕ್ಕೆ ಪ್ರತ್ಯೇಕ ಕಿವಿ ಬೇಕಿಲ್ಲ, ಸೊಂಟದ ಮಟ್ಟಕ್ಕೂ ಕೇಳಿಸುತ್ತದೆ.

ಶೇಷಗಿರಿ ಅವಳನ್ನು ಹತ್ತಿರ ಕರೆದ. ದನಿ ಇನ್ನೂ ತಗ್ಗಿಸಿದ.

"ನೋಡಮ್ಮಾ. ನಿನ್ನ ದುಃಖ ನನಗೆ ಅರ್ಥ ಆಗ್ತದೆ. ಈ ವರ್ಷ ಬೇಡ. ಗುರು ಒಪ್ಪಿ ಕಳಿಸ್ಬೇಕು, ನಿನ್ನ ಗುರು ಕಳಿಸಿರ್ಲಿಲ್ಲ. ಕಪ್ಪು ಬೆಲ್ಟು ಅಂದ್ರೆ ಬಟ್ಟೆ ಅಲ್ಲ." ಗಾದಿಲಿಂಗನ ಸೊಂಟದಲ್ಲಿದ್ದ ನನ್ನನ್ನು ತೋರಿಸಿದ. "ಇದನ್ನ ನೋಡು, ಎಂಥ ತಪಸ್ಸು. ನನ್ನದನ್ನ ನೋಡು. ಜೀವ ಸವೆಸ್ಬೇಕಮ್ಮಾ."

ಉಮಾದೇವಿ ನೋಡಿದಳು. ನನ್ನನ್ನಲ್ಲ, ನಾನು ಅವಳಿಗೆ ಗೊತ್ತಿದ್ದವನೇ. ಅವನ ಬೆಲ್ಟನ್ನು, ಜವಳಿ ಅಂಗಡಿಯಲ್ಲಿ ಅಂಚು ನೋಡುವ ಹಾಗೆ ಬಗ್ಗಿ ನೋಡಿದಳು. ಕುಳಿತಿದ್ದ ಅವನ ಹೊಟ್ಟೆಯ ಮಡಿಕೆಯಲ್ಲಿ ಹೊರಸುತ್ತು ಜಾರಿ ಒಳಸುತ್ತು ಇಣುಕುತ್ತಿತ್ತು.

"ಕಲ್ಲು ಚಲೋ ಹೊಡೆದಾರ್ರಿ ಸರ್," ಅಂದಳು, ಅವನಿಗೂ ಗಾದಿಲಿಂಗನಿಗೂ ಮಾತ್ರ ಕೇಳುವಷ್ಟು. "ಆದ್ರೆ ಒಳಸುತ್ತು ಬೆಳ್ಳಗಾಗ್ಬಾರ್ದಿತ್ತು. ನಮ್ಮ ಯಜಮಾನರದೂ ಹಿಂಗೇ ಆಗೈತೆ. ಇಬ್ಬರದೂ ಒಂದೇ ಡ್ರಮ್ಮೇನ್ರಿ?"

ಶೇಷಗಿರಿಯ ಕಣ್ಣು ಈ ಸಲ ಮುಚ್ಚಲಿಲ್ಲ.

ಗಾದಿಲಿಂಗನ ಹೊಟ್ಟೆ ನನ್ನ ಕೆಳಗೆ ತಟ್ಟನೆ ಗಟ್ಟಿಯಾಯಿತು. "ಏನು ಡ್ರಮ್ಮು ಅಕ್ಕಾ?" ಅಂದ.

"ನಿನ್ನ ಬೆಲ್ಟಿನ ಒಳಗಡೆ ತಿರುವಿ ನೋಡ್ಕೋ. ಇಲ್ಲಿ ಬ್ಯಾಡ, ಮನ್ಯಾಗ ನೋಡ್ಕೋ." ಅವಳು ತನ್ನ ಬ್ರೌನ್ ಬೆಲ್ಟಿನ ಗಂಟನ್ನು ಸ್ವಲ್ಪ ಸರಿಸಿ ಒಳಸುತ್ತನ್ನು ಶೇಷಗಿರಿಗೆ ತೋರಿಸಿದಳು. ಹೊರಗೆ ಅದು ಸವೆದು ನೂಲು ಬಿಟ್ಟಿತ್ತು. ಒಳಗೆ ಹೊಲಿದ ದಿನದ ಬಣ್ಣ ಹಾಗೇ ಇತ್ತು. "ನನ್ನ ಹೆಸರು ಕರೀತೀರೇನ್ರಿ ಸರ್? ಇಲ್ಲ, ಇದನ್ನೇ ಅಲ್ಲಿ ಕೂತವರಿಗೆ ಜೋರಾಗಿ ಕೇಳ್ಲಾ? ಅವರೆಲ್ಲ ಜೀನ್ಸ್ ಓಣಿಯವರೇ. ಅವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ."

ಶೇಷಗಿರಿ ಜಾಕೀಟು ತರಿಸಿಕೊಂಡು ಡ್ರೆಸ್ಸಿನ ಮೇಲೆ ಹಾಕಿಕೊಂಡ. ಚಳಿ ಇರಲಿಲ್ಲ. ಬಳ್ಳಾರಿಯಲ್ಲಿ ಚಳಿ ಅನ್ನುವುದೇ ಅಪರೂಪ.

"ಹೆಸರು ಕರೀರಿ," ಅಂದ.

ಅವಳು ವರಸೆಗಳನ್ನು ಮಾಡಿದಳು. ಮಾಳಿಗೆಯ ಮೇಲೆ ಒಬ್ಬಳೇ ಮಾಡಿ ಮಾಡಿ ರೂಢಿಯಾದ ಕೈಕಾಲು, ಯಾರಿಗೂ ತೋರಿಸುವ ಆಸೆಯಿಲ್ಲದೆ ಹೋಗುತ್ತಿದ್ದವು, ಬರುತ್ತಿದ್ದವು. ಪಿಸಪಿಸ ನಿಂತಿತು. ಆಮೇಲೆ ಫೈಟು. ಕಪ್ಪು ಬೆಲ್ಟಿನ ಪರೀಕ್ಷೆಯಲ್ಲಿ ಕಪ್ಪು ಬೆಲ್ಟಿನವರ ಎದುರೇ ಆಡಬೇಕು. ಪರೀಕ್ಷಕನನ್ನು ಬಿಟ್ಟರೆ ಅಲ್ಲಿದ್ದ ಕಪ್ಪು ಬೆಲ್ಟು ಗಾದಿಲಿಂಗ ಒಬ್ಬನೇ.

ಅವನು ಕೋಪದಲ್ಲಿದ್ದ. ಮೊದಲ ಒದೆತವೇ ಅವಳ ತಲೆಯ ಎತ್ತರಕ್ಕೆ ಹೋಯಿತು. ಅವಳು ಹಿಂದೆ ಸರಿದಳು. ಎರಡನೆಯದು ಅವಳ ಭುಜಕ್ಕೆ ಬಿತ್ತು, ಅವಳು ತೂರಾಡಿದಳು. ಮೂರನೆಯದಕ್ಕೆ ಕಾಲು ಎತ್ತಿದಾಗ ನಾನು ಬಿಚ್ಚಿಕೊಂಡೆ.

ನನಗೆ ಯಾವ ಪಕ್ಷವೂ ಇರಲಿಲ್ಲ, ತಿಳಿಯಿರಿ. ಕಲ್ಲಿನಲ್ಲಿ ಮೆತ್ತಗಾದ ಬೆಲ್ಟಿಗೆ ಗಂಟು ನಿಲ್ಲುವುದಿಲ್ಲ, ಅಷ್ಟೇ. ಬೆಲ್ಟು ಬಿಚ್ಚಿದರೆ ಆಟ ನಿಲ್ಲಿಸಬೇಕು, ಬಿಚ್ಚಿದವನು ಬೆನ್ನು ತಿರುಗಿಸಿ ಕಟ್ಟಿಕೊಳ್ಳಬೇಕು, ಎದುರಾಳಿ ಕಾಯಬೇಕು. ಅವನು ಕಟ್ಟಿಕೊಂಡ. ಅವಳು ಕೈ ಕಟ್ಟಿ ಕಾದಳು. ಮತ್ತೆ ಶುರುವಾಯಿತು, ಮತ್ತೆ ಬಿಚ್ಚಿಕೊಂಡೆ. ಹುಡುಗರು ಕಿಸಕ್ಕನೆ ನಕ್ಕರು. ಅವನು ಹಲ್ಲು ಕಚ್ಚಿ, ಮೂರು ಗಂಟು ಹಾಕಿದ. ಮೊಬೈಲು ಹಿಡಿದು ನಿಂತಿದ್ದ ಅವನದೇ ಗೆಳೆಯ, "ಲೇ, ಪಿನ್ನು ಹಾಕ್ಕೊಳ್ಳಲೇ!" ಅಂದ. ಹಾಲ್ ಪೂರಾ ನಕ್ಕಿತು.

ಅಲ್ಲಿಂದ ಮುಂದೆ ಗಾದಿಲಿಂಗ ಆಡಿದ್ದು ಅವಳ ಜೊತೆ ಅಲ್ಲ, ನನ್ನ ಜೊತೆ. ಒಂದು ಕೈ ಮುಷ್ಟಿಯಾಗಿದ್ದರೆ ಇನ್ನೊಂದು ಆಗಾಗ ಸೊಂಟಕ್ಕೆ ಬಂದು ನನ್ನನ್ನು ಮುಟ್ಟಿ ನೋಡುತ್ತಿತ್ತು. ಹಾಗೆ ಮುಟ್ಟಿ ನೋಡಿದ ಒಂದು ಗಳಿಗೆಯಲ್ಲಿ ಉಮಾದೇವಿ ಒಳಗೆ ನುಗ್ಗಿ, ಅವನ ನಿಂತ ಕಾಲನ್ನು ತನ್ನ ಕಾಲಿನಿಂದ ಗುಡಿಸಿದಳು. ಅವನು ಬೆನ್ನಿನ ಮೇಲೆ ಬಿದ್ದ. ಅವಳ ಮುಷ್ಟಿ ಅವನ ಎದೆಗೆ ಬೆರಳಷ್ಟು ದೂರದಲ್ಲಿ ಬಂದು ನಿಂತಿತು. ನಾನು ಬೆನ್ನ ಕೆಳಗೆ ಸಿಕ್ಕಿಕೊಂಡಿದ್ದೆ, ಅಲ್ಲಿಂದ ಅವಳ ಮುಖ ಕಾಣಲಿಲ್ಲ. ಉಸಿರು ಮಾತ್ರ ಕೇಳಿಸಿತು. ಒಂದೇ ಸಮ ಇತ್ತು.

ಶೇಷಗಿರಿ ಜಾಕೀಟಿನ ಜಿಪ್ಪು ಕುತ್ತಿಗೆಯವರೆಗೆ ಎಳೆದುಕೊಂಡು ಎದ್ದು ನಿಂತು ಪಾಸ್ ಎಂದ. ಆಮೇಲೆ ದನಿಗೆ ಹಳೆಯ ತೂಕ ತಂದುಕೊಂಡ. ಸಭೆ ಇತ್ತಲ್ಲ, ಅವನಂಥವರಿಗೆ ಸಭೆ ಇದ್ದರೆ ನಾಚಿಕೆ ಬಹಳ ಹೊತ್ತು ನಿಲ್ಲುವುದಿಲ್ಲ.

"ಗುರುವಿನ ಬೆಲ್ಟು ಗುರುಪತ್ನಿಗೇ ಸಲ್ಲಬೇಕು. ಗಾದಿಲಿಂಗ, ಬಿಚ್ಚಿ ಕೊಡಪ್ಪಾ. ನಾನೇ ಕಟ್ತೀನಿ."

ಜನ ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು ಕಣ್ಣು ಒರೆಸಿಕೊಂಡಳು, ಬೆಳಿಗ್ಗೆ ಪಿಸಪಿಸ ಎಂದವಳೇ.

"ಬ್ಯಾಡ್ರಿ ಸರ್," ಅಂದಳು ಉಮಾದೇವಿ. ತನ್ನ ಚೀಲದಿಂದ ಒಂದು ಪೊಟ್ಟಣ ತೆಗೆದಳು. "ಹೊಸದು ಹೊಲಿಸ್ಕೊಂಡು ಬಂದೀನಿ. ಅದನ್ನ ಕಟ್ರಿ."

ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಸುಂಕಮ್ಮನ ಹೊಲಿಗೆ. ಕಡುಗಪ್ಪು, ಬಿಗಿ, ಹಲಗೆಯ ಹಾಗೆ ಸೆಟೆದಿತ್ತು. ಶೇಷಗಿರಿ ಕಟ್ಟಿದಾಗ ತುದಿಗಳು ಕೆಳಗೆ ಬೀಳದೆ ಎರಡು ಕಡೆಗೂ ಆಡಿನ ಕಿವಿಯ ಹಾಗೆ ನಿಂತವು. ನೋಡಲು ನಗು ಬರುವಂತಿತ್ತು. ಅವಳು ಅದನ್ನು ಒತ್ತಿ ಸರಿ ಮಾಡಿಕೊಳ್ಳಲೂ ಹೋಗಲಿಲ್ಲ. ಹಾಗೇ ಎಲ್ಲರಿಗೂ ಬಗ್ಗಿದಳು.

ಗಾದಿಲಿಂಗ ನನ್ನನ್ನು ಮ್ಯಾಟಿನ ಮೇಲೆ ಬಿಸಾಕಿ ಹೋದ. ಮಾರನೆಯ ದಿನ ಅವನ ಮನೆಯ ದೇವರ ಮಾಡದಲ್ಲಿ ಏನಿಟ್ಟನೋ ಗೊತ್ತಿಲ್ಲ. ಖಾಲಿ ಬಿಡುವವನಲ್ಲ.

ನನ್ನ ಕಥೆ ಇನ್ನು ಹೆಚ್ಚಿಲ್ಲ. ಕ್ಲಾಸು ಈಗ ಉಮಾದೇವಿಯದು. ಸುಂಕಮ್ಮನ ಓಣಿಯ ಹೆಂಗಸರ ಒಂದು ಗುಂಪು ಮಷೀನು ನಿಲ್ಲಿಸಿದ ಮೇಲೆ ಬರುತ್ತದೆ, ಬೆನ್ನು ನೋವು ಬೈದುಕೊಂಡು ಒದೆಯುತ್ತದೆ. ಹಾಲ್‌ನ ಮೂಲೆಯಲ್ಲಿ ಗುದ್ದುವುದಕ್ಕೆ ಒಂದು ಚೀಲ ನೇತಾಡುತ್ತದೆ. ಜೀನ್ಸ್ ಬಟ್ಟೆಯದೇ ಚೀಲ, ಒಳಗೆ ಜೀನ್ಸ್ ಕಟಿಂಗಿನ ಚಿಂದಿ. ಅದರ ಬಾಯಿ ಹರಿದು ಚಿಂದಿ ಉದುರುತ್ತಿತ್ತು. ಒಂದು ದಿನ ಅವಳು ನನ್ನನ್ನು ಕಪಾಟಿನಿಂದ ತೆಗೆದು ಆ ಬಾಯಿಗೆ ಬಿಗಿದು ಕಟ್ಟಿದಳು. ಪೂಜೆಯಿಲ್ಲ, ಮಾತಿಲ್ಲ. ನಿಲ್ಲುತ್ತದೋ ಇಲ್ಲವೋ ಎಂದು ಒಂದು ಸಲ ಜಗ್ಗಿ ನೋಡಿದಳು, ನಿಂತೆ. ಚೀಲದ ಭಾರ ಕೆಳಗೆ ಎಳೆಯುತ್ತಿದ್ದರೆ ನನ್ನಂಥ ಮೆತ್ತನೆಯವನ ಗಂಟೂ ನಿಲ್ಲುತ್ತದೆ.

ಇಲ್ಲಿಂದ ನಾನು ಅವರನ್ನು ಮೊದಲ ಸಲ ಮೇಲಿನಿಂದ ನೋಡುತ್ತಿದ್ದೇನೆ. ಅಷ್ಟಕ್ಕೇ ಗೌರವ ಬಂದುಬಿಟ್ಟಿದೆ ಎಂದೇನಲ್ಲ. ಮೇಲಿನಿಂದ ನೋಡಿದರೆ ಬೋಳಾಗುತ್ತಿರುವ ನೆತ್ತಿ, ಬಣ್ಣ ಹಚ್ಚಿದ ಬೈತಲೆ ಕಾಣುತ್ತವೆ. ಉಮಾದೇವಿಯ ಬೆಲ್ಟೂ ಕಾಣುತ್ತದೆ. ಕಿವಿಗಳು ಈಗ ಇಳಿದಿವೆ. ಗಂಟಿನ ಹತ್ತಿರ ಮಾತ್ರ ಸ್ವಲ್ಪ ಬೂದಿ ಬಣ್ಣ ಬಂದಿದೆ.

ನನ್ನ ಮೈಗೆ ದಿನಾ ಗುದ್ದು ಬೀಳುತ್ತದೆ. ಕೈಯ ಬೆವರು, ಮಷೀನಿನ ಎಣ್ಣೆ, ಜೀನ್ಸಿನ ಕಡುನೀಲಿ, ಬಳ್ಳಾರಿಯ ಕೆಂಧೂಳು ಒಂದರ ಮೇಲೊಂದು ಕೂರುತ್ತಿವೆ. ಮೊನ್ನೆ ಒಬ್ಬ ಹೆಂಗಸು ಚೀಲ ಗುದ್ದುವುದನ್ನು ನಿಲ್ಲಿಸಿ ನನ್ನನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಮುಖ ಕಿವುಚಿದಳು.

"ಮೇಡಂ, ಈ ಪಟ್ಟಿ ಯಾವ ಬಣ್ಣದ್ದಿತ್ರಿ ಮೊದ್ಲು? ಕರ್ರಗಾಗಿಬಿಟ್ಟೈತೆ ನೋಡ್ರಿ. ಬಿಚ್ಚಿ ಒಗದು ತರ್ಲಾ?"

ಉಮಾದೇವಿ ಆ ಕಡೆಯಿಂದ ಬಂದು ನನ್ನ ಗಂಟನ್ನು ಬೆರಳಿನಲ್ಲಿ ತಿಕ್ಕಿ ನೋಡಿದಳು. ಬೆರಳು ಕಪ್ಪಾಯಿತು. ಅದನ್ನು ಡ್ರೆಸ್ಸಿಗೆ ಒರೆಸಿಕೊಂಡಳು.

"ಬ್ಯಾಡ. ಈಗ ಕಪ್ಪಾಗಾಕ ಹತ್ತೈತೆ. ಇರ್ಲಿ ಬಿಡು. ನೀನು ಗುದ್ದು."